ಮನೆ ಕಂದಾಯದಲ್ಲಿ 54 ರೂಪಾಯಿ

ಹೋದ ತಿಂಗಳು ಅಪ್ಪ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ರು. ಊರಿನ ಮನೆಗೆ ಪಂಚಾಯ್ತಿಯಲ್ಲಿ ಕಂದಾಯ ಕಟ್ಟಿದ ರಸೀದಿ. ಜೊತೆಗೊಂದು ವಾಯ್ಸ್ ಮೆಸೇಜ್: "ಕಟ್ಟಿದೀನಿ ಕಣವ್ವ, ಫೋನಲ್ಲಿ ಜೋಪಾನವಾಗಿ ಇಟ್ಕೊ."

ಆಫೀಸಿನ ಕ್ಯಾಂಟೀನ್‌ನಲ್ಲಿ ಕೂತು ರಸೀದಿಯನ್ನು ದೊಡ್ಡದು ಮಾಡಿ ನೋಡಿದೆ. ಮನೆ ತೆರಿಗೆ 900 ರೂಪಾಯಿ. ಅದರ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಾಲಾಗಿ ಬಾಲಗಳು. ಗ್ರಂಥಾಲಯ ಕರದ ಎದುರು 54 ರೂಪಾಯಿ. ನೂರಕ್ಕೆ ಆರರಂತೆ ಲೆಕ್ಕ ಸರಿಯಾಗೇ ಇತ್ತು.

ಎರಡು ವರ್ಷದ ಹಿಂದಾಗಿದ್ದರೆ "ಇದಕ್ಕೂ ದುಡ್ಡಾ?" ಅಂತ ನಕ್ಕು ಮುಂದೆ ಹೋಗ್ತಿದ್ದೆ. ಈ ಸಲ ಆ ಸಾಲಿನ ಮೇಲೆ ಕಣ್ಣು ನಿಂತಿತು. ಯಾಕೆ ಅಂತ ಹೇಳಬೇಕಾದರೆ ನನ್ನ ಒಂದು ತಪ್ಪಿನಿಂದ ಶುರು ಮಾಡಬೇಕು.

ಅವತ್ತು ಭಾನುವಾರ. ಬೆಳಗ್ಗೆ ಊರಿನ ಗ್ರೂಪಿಗೆ ನಲವತ್ತು ಸೆಕೆಂಡಿನ ಒಂದು ವಿಡಿಯೋ ಬಂತು. ಸಂತೆ ಮೈದಾನದ ಪಕ್ಕದ ಲೈಟ್ ಕಂಬದ ಹತ್ತಿರ ಇಬ್ಬರು ಹುಡುಗರನ್ನು ನಿಲ್ಲಿಸಿಕೊಂಡಿದ್ದಾರೆ. ಸುತ್ತ ಜನ. ಯಾರೋ ತಲೆ ಮೇಲೆ ಹೊಡೀತಿದ್ದಾರೆ, ಇನ್ಯಾರೋ ನಗ್ತಿದ್ದಾರೆ. "ಬೈಕ್ ಕಳ್ಳರು ಸಿಕ್ಕಿದ್ದಾರೆ, ಎಲ್ಲರಿಗೂ ಶೇರ್ ಮಾಡಿ" ಅಂತ ಕೆಳಗೆ ಒಕ್ಕಣೆ. ನಾನು ಕಾಫಿ ಕುಡೀತಾ ನೋಡಿದೆ. ಬೆಂಗಳೂರಲ್ಲಿರುವ ನಮ್ಮೂರಿನವರದೊಂದು ಬೇರೆ ಗ್ರೂಪ್ ಇದೆ, ಅದಕ್ಕೆ ಫಾರ್ವರ್ಡ್ ಕೂಡ ಮಾಡಿದೆ. ಆಮೇಲೆ ಇನ್ನೊಂದು ಸಲ ನೋಡಿದಾಗ ಎಡಗಡೆ ಹುಡುಗನ ಶರ್ಟ್ ಕಾಣಿಸಿತು. ನೀಲಿ ಚೆಕ್ಸ್. ಯುಗಾದಿಗೆ ನಾನೇ ಕೊಡಿಸಿದ್ದು.

ನನ್ನ ಚಿಕ್ಕಪ್ಪನ ಮಗ. ಹದಿನಾರು ವರ್ಷ.

ಅವನ ಹೆಸರನ್ನು ಇಲ್ಲಿ ಬರೆಯಲ್ಲ, ಊರಿನದ್ದೂ ಬರೆಯಲ್ಲ. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೀಲಾ ಅಂತ ಕೇಳಿದಾಗ ಅವನೇ, "ಹೆಸರೊಂದ್ ಹಾಕ್ಬೇಡಕ್ಕ, ಮಿಕ್ಕಿದ್ದು ಬರ್ಕೋ" ಅಂದ. ಕಾನೂನೂ ಅದನ್ನೇ ಹೇಳುತ್ತದೆ. ಅದು ನನಗೆ ಗೊತ್ತಾಗಿದ್ದು ಫಾರ್ವರ್ಡ್ ಮಾಡಿದ ಮೇಲೆ. 'ಎಲ್ಲರಿಗೂ ಡಿಲೀಟ್' ಒತ್ತಿದೆ. ಅಷ್ಟರಲ್ಲಿ ನೀಲಿ ಟಿಕ್‌ಗಳು ಬಂದಾಗಿತ್ತು.

ಅವತ್ತು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡ್ತೀನಿ. ಚಿಕ್ಕವ್ವ ಅಳುತ್ತಾ ಫೋನ್ ಮಾಡಿದಾಗ ನಾನು, "ಎರಡು ದಿನ ಸ್ಟೇಷನ್ನಲ್ಲಿ ಇರ್ಲಿ ಬಿಡಿ ಚಿಕ್ಕವ್ವ, ಬುದ್ಧಿ ಬರುತ್ತೆ" ಅಂದಿದ್ದೆ. ಓದಿಕೊಂಡವಳು, ಒಳ್ಳೆ ಕೆಲಸದಲ್ಲಿರುವವಳು, ಏನೋ ದಾರಿ ತೋರಿಸ್ತಾಳೆ ಅಂತ ಅವರು ನನಗೆ ಫೋನ್ ಮಾಡಿದ್ದು. ನಾನು ಕೊಟ್ಟ ಸಲಹೆ ಇದು.

ನಡೆದದ್ದು ಇಷ್ಟು. ಇವನು ಫಸ್ಟ್ ಪಿಯುನಲ್ಲಿ ಎರಡು ಸಬ್ಜೆಕ್ಟ್ ಫೇಲಾಗಿ ಕಾಲೇಜಿಗೆ ಹೋಗೋದು ಬಿಟ್ಟಿದ್ದ. ಚಿಕ್ಕಪ್ಪ ಗೂಡ್ಸ್ ಟೆಂಪೋ ಓಡಿಸ್ತಾರೆ. ಮನೆಗೆ ಬರೋಕೆ ಹೊತ್ತುಗೊತ್ತಿಲ್ಲ. ಚಿಕ್ಕವ್ವ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರೆ. ಬೆಳಗ್ಗೆ ಆರೂವರೆಗೆ ವ್ಯಾನ್ ಹತ್ತಿದರೆ ಇಳಿಯೋದು ರಾತ್ರಿ ಏಳೂವರೆಗೆ. ಇವನೂ ಇವನ ಗೆಳೆಯನೂ ಸಂತೆ ಹತ್ತಿರ ಕೀ ಬಿಟ್ಟು ನಿಲ್ಲಿಸಿದ್ದ ಬೈಕ್ ತಗೊಂಡು ಪೆಟ್ರೋಲ್ ಮುಗಿಯೋವರೆಗೂ ಓಡಿಸಿದ್ದಾರೆ. ತಮಾಷೆಗೆ ಅಂತ ಇಬ್ಬರೂ ಹೇಳಿದರು. ಬೈಕ್ ಕಳೆದುಕೊಂಡವರಿಗೆ ಅದು ತಮಾಷೆ ಆಗಿರಲಿಲ್ಲ. ಅವರು ಸಾಲ ಮಾಡಿ ತಗೊಂಡಿದ್ದ ಗಾಡಿ ಅದು.

ಮಾರನೇ ದಿನ ರಜೆ ಹಾಕಿ ಊರಿಗೆ ಹೋದೆ. ಬಸ್ಸಲ್ಲಿ ಕೂತು ಫೋನಲ್ಲೇ ಬಾಲ ನ್ಯಾಯ ಕಾಯ್ದೆ ಓದಿದೆ. 2015ರದ್ದು, ಸಂಸತ್ತು ಮಾಡಿದ ಕಾನೂನು. ಜಾರಿಗೆ ತರೋದು ರಾಜ್ಯದ ಕೆಲಸ. ನನ್ನ ಹಾಗೆ "ಎರಡು ದಿನ ಒಳಗಿರಲಿ" ಅನ್ನುವವರೆಲ್ಲ ಓದಬೇಕಾದ ಕೆಲವು ಮಾತು ಅದರಲ್ಲಿವೆ. ಹದಿನೆಂಟು ತುಂಬದವರನ್ನು ಯಾವ ಕಾರಣಕ್ಕೂ ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಹಿಡಿದ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 'ಬಾಲಾಪರಾಧಿ' ಅನ್ನೋ ಪದವೇ ಇಲ್ಲ, 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಅನ್ನುತ್ತಾರೆ. ಇಂಥ ಮಗುವಿನ ಹೆಸರು, ಫೋಟೋ, ಶಾಲೆ, ವಿಳಾಸ ಯಾವುದನ್ನೂ ಯಾವ ಮಾಧ್ಯಮದಲ್ಲೂ ಹಾಕುವಂತಿಲ್ಲ. ಹಾಕಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನು ನನ್ನ ತಮ್ಮನಿಗೆ ಏನು ಮಾಡುತ್ತೆ ಅಂತ ನೋಡೋಕೆ ಹೊರಟವಳು, ನನಗೇನು ಮಾಡಬಹುದು ಅನ್ನೋದನ್ನು ಮೊದಲು ಓದಿದೆ.

ಮಂಡಳಿ ಅಂದಾಗ ನನ್ನ ತಲೆಯಲ್ಲಿದ್ದದ್ದು ಸಿನಿಮಾದ ಕೋರ್ಟು. ಕಟಕಟೆ, ಸುತ್ತಿಗೆ, ಕರಿ ಕೋಟು. ಅಲ್ಲಿ ಇದ್ದದ್ದು ಒಂದು ಉದ್ದ ಮೇಜು. ಮೇಜಿನ ಆಚೆ ಮೂವರು. ಕಾಯ್ದೆ ಪ್ರಕಾರ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. ನನ್ನ ತಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದ. ಪರಿವೀಕ್ಷಣಾಧಿಕಾರಿ ಅಂತ ಒಬ್ಬರು ಆಮೇಲೆ ಮನೆಗೂ ಬಂದು ಹೋದರು. ಅಪ್ಪ ಅಮ್ಮನ ಕೆಲಸ ಏನು, ಮನೆಯಲ್ಲಿ ಕುಡಿತ ಇದೆಯಾ, ಹುಡುಗನ ಗೆಳೆಯರು ಯಾರು ಅಂತೆಲ್ಲ ಕೇಳಿಕೊಂಡು ಮಂಡಳಿಗೆ ವರದಿ ಕೊಟ್ಟರು.

ಮುಂದಿನ ಸಲ ಹೋದಾಗ ಆ ಮೂವರಲ್ಲಿದ್ದ ಮೇಡಂ ಕೇಳಿದ ಒಂದು ಪ್ರಶ್ನೆ ನನಗಿನ್ನೂ ನೆನಪಿದೆ. ಬೈಕ್ ಯಾಕೆ ಕದ್ದೆ ಅಂತ ಅವರು ಕೇಳಲಿಲ್ಲ. "ಸಾಯಂಕಾಲ ನಾಲ್ಕರಿಂದ ಎಂಟರವರೆಗೆ ಎಲ್ಲಿರ್ತೀಯಪ್ಪ? ಜೊತೆಗೆ ಯಾರಿರ್ತಾರೆ?" ಅಂದರು.

ಇವನು ಅವರಪ್ಪನ ಮುಖ ನೋಡಿದ. ಚಿಕ್ಕಪ್ಪ ನೆಲ ನೋಡಿದರು. ಉತ್ತರ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ.

ವೀಕ್ಷಣಾಲಯಕ್ಕೋ ವಿಶೇಷ ಗೃಹಕ್ಕೋ ಕಳಿಸಿಬಿಡ್ತಾರೆ ಅಂತ ನಾವೆಲ್ಲ ಹೆದರಿದ್ದೆವು. ಆದರೆ ಮಗುವನ್ನು ಸಂಸ್ಥೆಯೊಳಗೆ ಇಡೋದು ಕೊನೆಯ ದಾರಿ ಆಗಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಅದಕ್ಕೂ ಮುಂಚೆ ಮಂಡಳಿಯ ಮುಂದೆ ಬೇರೆ ದಾರಿಗಳಿವೆ. ಬುದ್ಧಿ ಹೇಳಿ ಮನೆಗೆ ಕಳಿಸಬಹುದು. ಗುಂಪು ಸಮಾಲೋಚನೆಗೆ ಹಾಕಬಹುದು. ಯಾರಾದರೂ ಯೋಗ್ಯ ವ್ಯಕ್ತಿಯ ನಿಗಾದಲ್ಲಿ ಬಿಡಬಹುದು. ಒಂದು ಸಂಸ್ಥೆಯೋ ವ್ಯಕ್ತಿಯೋ ನೋಡಿಕೊಳ್ಳುವ ಹಾಗೆ ಸಮುದಾಯ ಸೇವೆ ಮಾಡಿಸಬಹುದು. ಇವನಿಗೆ ಸಿಕ್ಕಿದ್ದು ಸಮಾಲೋಚನೆ, ಜೊತೆಗೆ ಮೂರು ತಿಂಗಳ ಸಮುದಾಯ ಸೇವೆ. ಬೈಕ್‌ನವರ ರಿಪೇರಿ ಖರ್ಚನ್ನು ಚಿಕ್ಕಪ್ಪ ಕೊಟ್ಟರು.

ಸೇವೆ ಎಲ್ಲಿ ಅನ್ನೋ ಪ್ರಶ್ನೆ ಬಂತು. ಊರಲ್ಲಿ ಅಂಥ ಜಾಗ ಏನಿದೆ? ದೇವಸ್ಥಾನ, ಹಾಲಿನ ಡೈರಿ, ಪಂಚಾಯ್ತಿ ಆಫೀಸು. ಪರಿವೀಕ್ಷಣಾಧಿಕಾರಿಯೇ ಹೇಳಿದರು: "ನಿಮ್ಮ ಪಂಚಾಯ್ತಿ ಲೈಬ್ರರಿ ಇದೆಯಲ್ಲ."

ನಿಜ ಹೇಳ್ತೀನಿ, ನನ್ನ ನೆನಪಲ್ಲಿ ಅದು ಬೀಗ ಹಾಕಿದ ಒಂದು ಕೋಣೆ. ಹಳೇ ಪೇಪರಿನ ಕಟ್ಟು, ಧೂಳು ಹಿಡಿದ ಬೀರು. ಹೋಗಿ ನೋಡಿದರೆ ಸುಣ್ಣ ಬಳಿದ ಗೋಡೆ, ಗೋಡೆ ಮೇಲೆ ಚಿತ್ರ, ಮಕ್ಕಳಿಗೆ ಎಟುಕುವ ಹಾಗೆ ಪುಸ್ತಕ, ಮೂಲೆಯಲ್ಲಿ ಒಂದು ಕಂಪ್ಯೂಟರ್, ಎರಡು ಚೆಸ್ ಬೋರ್ಡು. ಬಾಗಿಲ ಮೇಲೆ 'ಅರಿವು ಕೇಂದ್ರ' ಅಂತ ಬೋರ್ಡು. ಆಚೆ ಊರಿಂದ ಸ್ಕೂಟಿಯಲ್ಲಿ ಬರುವ ಒಬ್ಬರು ಮೇಲ್ವಿಚಾರಕಿ. ಮಕ್ಕಳೆಲ್ಲ ಅವರನ್ನು 'ಲೈಬ್ರರಿ ಮೇಡಂ' ಅಂತಾರೆ.

ಈ ಕೋಣೆ ಎಲ್ಲಿಂದ ಬಂತು ಅಂತ ಹುಡುಕಿದಾಗಲೇ ನನಗೆ ಆ ನೂರಕ್ಕೆ ಆರರ ಕಥೆ ಸಿಕ್ಕಿದ್ದು. ನಮ್ಮದು ಇನ್ನೂ ಮೈಸೂರು ರಾಜ್ಯ ಆಗಿದ್ದ ಕಾಲ. 1965ರಲ್ಲಿ ನಮ್ಮ ಶಾಸನಸಭೆ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಪುಸ್ತಕ ಇಡಿ ಅಂತ ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ದುಡ್ಡು ಎಲ್ಲಿಂದ ಬರಬೇಕು ಅನ್ನೋದನ್ನೂ ಕಾಯ್ದೆಯೊಳಗೇ ಬರೆಯಿತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸೇರಿಸಿ ವಸೂಲಿ ಮಾಡಬೇಕು, ಅದು ಗ್ರಂಥಾಲಯಕ್ಕೇ ಖರ್ಚಾಗಬೇಕು. ಸ್ವಾತಂತ್ರ್ಯ ಬಂದ ಮೇಲೆ ದೇಶದಲ್ಲಿ ಇಂಥ ಕಾಯ್ದೆ ಮೊದಲು ಮಾಡಿದ್ದು 1948ರಲ್ಲಿ ಮದ್ರಾಸ್. ಅದರ ಹಿಂದಿದ್ದವರು ಎಸ್. ಆರ್. ರಂಗನಾಥನ್. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಲ್ಲಿ.

2019ರಲ್ಲಿ ಹಳ್ಳಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಒಂದೆರಡಲ್ಲ, ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು. ಮಾರನೇ ವರ್ಷ ಕೊರೋನಾದಿಂದ ಶಾಲೆಗಳಿಗೆ ಬೀಗ ಬಿದ್ದಾಗ 'ಓದುವ ಬೆಳಕು' ಅನ್ನೋ ಕಾರ್ಯಕ್ರಮ ಶುರುವಾಯ್ತು. ಮಕ್ಕಳಿಗೆ ಉಚಿತ ಸದಸ್ಯತ್ವ. ಲಕ್ಷಾಂತರ ಮಕ್ಕಳು ಹೆಸರು ಬರೆಸಿದರು. ಆ ಮಕ್ಕಳೆಲ್ಲ ಪಂಡಿತರಾದರಾ? ಗೊತ್ತಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ, ಅಪ್ಪ ಅಮ್ಮ ಬರುವವರೆಗೆ, ದುಡ್ಡು ಕೇಳದೆ ಕೂರಿಸಿಕೊಳ್ಳುವ ಒಂದು ಜಾಗ ಊರಲ್ಲಿ ಉಂಟಾಯ್ತು. ಮಂಡಳಿಯ ಮೇಡಂ ಕೇಳಿದ್ದೂ ಅದನ್ನೇ ಅಲ್ವಾ?

ನನ್ನ ತಮ್ಮನ ಕಥೆಗೆ ಬರ್ತೀನಿ. ಮೊದಲ ವಾರ ಅವನು ಬಾಗಿಲ ಹತ್ತಿರವೇ ನಿಂತಿರ್ತಿದ್ದನಂತೆ. ವಿಡಿಯೋ ಊರಿಗೆಲ್ಲ ಗೊತ್ತಿತ್ತು. ಚಿಕ್ಕ ಮಕ್ಕಳು ಕೂಡ "ಬೈಕ್ ಅಣ್ಣ ಬಂದ" ಅನ್ನೋರು. ಮೇಡಂ ಮಕ್ಕಳನ್ನು ಬೈಯಲಿಲ್ಲ, ಇವನಿಗೆ ಸಮಾಧಾನವನ್ನೂ ಹೇಳಲಿಲ್ಲ. ಹರಿದ ಪುಸ್ತಕಗಳ ರಾಶಿ, ಗೋಂದು, ಬ್ರೌನ್ ಪೇಪರ್ ಮುಂದಿಟ್ಟು, "ಇವತ್ತು ಹತ್ತು ಮುಗಿಸು" ಅಂದರು. ಆಮೇಲೆ ರಿಜಿಸ್ಟರ್ ಬರೆಯೋ ಕೆಲಸ. ಮೂರನೇ ವಾರಕ್ಕೆ ಇವನು ಮಕ್ಕಳಿಗೆ ಚೆಸ್ ಹೇಳಿಕೊಡ್ತಿದ್ದ. ಇವನಿಗೇ ಚೆಸ್ ಬರ್ತಿರಲಿಲ್ಲ, ಯೂಟ್ಯೂಬ್ ನೋಡಿ ಕಲಿತು ಹೇಳಿಕೊಟ್ಟ.

ನೀವು ಅಂದುಕೊಳ್ಳೋ ಹಾಗೆ ಎಲ್ಲ ನೆಟ್ಟಗಾಗಲಿಲ್ಲ. ಒಂದು ವಾರ ಮಾಯವಾಗಿದ್ದ. ಪರಿವೀಕ್ಷಣಾಧಿಕಾರಿ ಹುಡುಕಿಕೊಂಡು ಬಂದರು. ಚಿಕ್ಕಪ್ಪ, "ಇದೆಲ್ಲ ಸಾಕು, ಬೆಂಗಳೂರಿಗೆ ಹೋಟ್ಲಿಗೆ ಸೇರಿಸ್ತೀನಿ" ಅಂತ ಹಟ ಹಿಡಿದರು. ಆಗ ಚಿಕ್ಕವ್ವ ಮೊದಲ ಸಲ ಗಂಡನ ಎದುರು ದನಿ ಎತ್ತಿದರು: "ಹೋಟ್ಲಲ್ಲೂ ಸಾಯಂಕಾಲ ಆಯ್ತದೆ. ಅಲ್ಲಿ ಯಾರವ್ರೆ ಇವನ್ನ ನೋಡ್ಕೊಳಕೆ?"

ಇಂಗ್ಲಿಷ್ ಇವತ್ತಿಗೂ ಅವನಿಗೆ ಕಬ್ಬಿಣದ ಕಡಲೆ. ಪಿಯುಗೆ ವಾಪಸ್ ಹೋಗಲಿಲ್ಲ. ಈಗ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್. ಸೇವೆಯ ಮೂರು ತಿಂಗಳು ಮುಗಿದು ವರ್ಷವಾಯ್ತು, ಸಂಜೆ ಇನ್ನೂ ಲೈಬ್ರರಿಗೆ ಹೋಗ್ತಾನೆ. ಓದೋಕೇ ಹೋಗ್ತಾನೆ ಅಂತ ನಾನು ಹೇಳಲ್ಲ. ಆದರೆ ಸಂಜೆ ನಾಲ್ಕರಿಂದ ಎಂಟರವರೆಗೆ ಎಲ್ಲಿರ್ತಾನೆ ಅಂತ ಈಗ ಚಿಕ್ಕವ್ವನಿಗೆ ಗೊತ್ತು. ಆ ಕೇಸಿನಿಂದ ಅವನ ಮುಂದಿನ ಓದಿಗೋ ಕೆಲಸಕ್ಕೋ ಅಡ್ಡಿ ಬರುವಂತಿಲ್ಲ, ಅದನ್ನೂ ಕಾಯ್ದೆಯೇ ಹೇಳುತ್ತದೆ. ವಿಡಿಯೋ ಮಾತ್ರ ಎಷ್ಟು ಜನರ ಫೋನಿನಲ್ಲಿ ಉಳಿದಿದೆಯೋ. ಅದರಲ್ಲಿ ಕೆಲವು ನನ್ನಿಂದ ಹೋದದ್ದು. ಅವನಿಗೆ ಅದನ್ನು ಹೇಳಿ ಕ್ಷಮೆ ಕೇಳೋಕೆ ನನಗೆ ಎಂಟು ತಿಂಗಳು ಬೇಕಾಯ್ತು. "ಗೊತ್ತಿತ್ತಕ್ಕ. ನೀನ್ ಡಿಲೀಟ್ ಮಾಡಿದ್ದೂ ಗೊತ್ತಿತ್ತು" ಅಂದ.

ಈಗ ಆ 54 ರೂಪಾಯಿ. ಎರಡು ಕಾನೂನು ನಮ್ಮ ಹುಡುಗನ ಜೀವನದಲ್ಲಿ ಅಕ್ಕಪಕ್ಕ ನಿಂತವು. ದೆಹಲಿಯದು ಅವನು ಬಿದ್ದ ಮೇಲೆ ಎತ್ತಿಕೊಂಡಿತು. ನಮ್ಮ ರಾಜ್ಯದ್ದು ಅವನು ಹುಟ್ಟೋಕೂ ದಶಕಗಳ ಮುಂಚೆಯೇ, ಬೀಳದ ಹಾಗೆ ಒಂದು ಕೋಣೆಗೆ ದುಡ್ಡು ಎತ್ತಿಟ್ಟಿತ್ತು. ಆ ಕೋಣೆ ಇಲ್ಲದೇ ಹೋಗಿದ್ದರೆ ಮಂಡಳಿಯ ಆದೇಶ ಬರೀ ಕಾಗದ ಆಗ್ತಿತ್ತು. 'ಸಮುದಾಯ ಸೇವೆ' ಅಂತ ಬರೆಯೋಕೆ ಸಮುದಾಯದಲ್ಲಿ ಅಂಥದ್ದೊಂದು ಜಾಗ ಇರಬೇಕು, ಆ ಜಾಗದಲ್ಲಿ ಒಬ್ಬರು ಕೂತಿರಬೇಕು, ಅವರಿಗೆ ತಿಂಗಳಿಗೆ ಸರಿಯಾಗಿ ಸಂಬಳ ಬರಬೇಕು.

ಸಮಸ್ಯೆ ಇರೋದೂ ಅಲ್ಲೇ. ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಪೂರ್ತಿ ದಾಟಿಸಿಲ್ಲ, ಬಾಕಿ ಉಳಿಸಿಕೊಂಡಿವೆ ಅನ್ನೋ ಸುದ್ದಿ ವರ್ಷ ವರ್ಷ ಪತ್ರಿಕೆಗಳಲ್ಲಿ ಬರುತ್ತೆ. ಮೇಲ್ವಿಚಾರಕರು ವೇತನಕ್ಕಾಗಿ ಧರಣಿ ಕೂತ ಸುದ್ದಿಯೂ ಬರುತ್ತೆ. ನಮ್ಮೂರ ಮೇಡಂ ಎಂಟರವರೆಗೆ ಬಾಗಿಲು ತೆಗೆದಿಡೋದು ಅವರ ಒಳ್ಳೇತನ. ಅವರು ಬದಲಾದರೆ ಐದಕ್ಕೇ ಬೀಗ ಬೀಳಬಹುದು. ಇನ್ನೊಂದನ್ನು ನಾನು ಕಣ್ಣಾರೆ ನೋಡಿದೆ: ಕತ್ತಲಾದ ಮೇಲೆ ಅಲ್ಲಿ ಒಬ್ಬಳೂ ಹುಡುಗಿ ಇರಲ್ಲ. ಅವರ ನಾಲ್ಕರಿಂದ ಎಂಟು ಎಲ್ಲಿ ಕಳೆಯುತ್ತೆ ಅಂತ ಯಾರೂ ಕೇಳಿಲ್ಲ. ಅವರು ಬೈಕ್ ಕದಿಯಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ.

ಇದನ್ನು ಮೆಟ್ರೋದಲ್ಲೋ ಕ್ಯಾಬ್‌ನಲ್ಲೋ ಕೂತು ಓದ್ತಿರೋರಿಗೆ, ನನ್ನ ಹಾಗೆ ಊರು ಬಿಟ್ಟು ಬಂದು ಊರಿನ ಗ್ರೂಪ್‌ಗಳಲ್ಲಿ ಮಾತ್ರ ಬದುಕಿರೋರಿಗೆ, ನಾನು ಕಲಿತ ನಾಲ್ಕು ಮಾತು.

ಒಂದು. ಮಕ್ಕಳನ್ನು ಹಿಡಿದು ನಿಲ್ಲಿಸಿದ ವಿಡಿಯೋ ಬಂದರೆ ಮುಂದೆ ಕಳಿಸಬೇಡಿ. "ಇದು ಅಪರಾಧ, ತೆಗೀರಿ" ಅಂತ ಗ್ರೂಪಿನಲ್ಲೇ ಹೇಳಿ. ಸ್ವಲ್ಪ ಜನ ಬೈತಾರೆ, ಬೈಯಲಿ.

ಎರಡು. ಮಗುವೊಂದು ಶಾಲೆ ಬಿಟ್ಟು ಕೆಲಸಕ್ಕೆ ಹೊರಟಿದೆ, ಹೊಡೆತ ತಿಂತಿದೆ, ಮದುವೆಗೆ ತಯಾರಿ ನಡೀತಿದೆ ಅಂತ ಗೊತ್ತಾದರೆ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ. ನೀವು ಬೆಂಗಳೂರಿಂದಲೇ ಮಾಡಬಹುದು.

ಮೂರು. ತಂದೆ ಇಲ್ಲದ, ಅಥವಾ ಮನೆಯವರಿಗೆ ದೊಡ್ಡ ಕಾಯಿಲೆ ಇರುವ ಬಡ ಮನೆಯ ಮಕ್ಕಳಿಗೆ 'ಮಿಷನ್ ವಾತ್ಸಲ್ಯ'ದಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು. ಅರ್ಜಿ ತುಂಬೋಕೆ ಬರದೆ ಬಿಟ್ಟವರೇ ಊರಲ್ಲಿ ಜಾಸ್ತಿ. ನಾವು ಫಾರಂ ತುಂಬೋದರಲ್ಲಿ ಪಳಗಿದವರು, ಒಂದು ಶನಿವಾರ ಸಾಕು.

ನಾಲ್ಕು. ವರ್ಷಕ್ಕೊಮ್ಮೆ ಪ್ರತಿ ಪಂಚಾಯ್ತಿಯಲ್ಲೂ ಮಕ್ಕಳ ಗ್ರಾಮಸಭೆ ನಡೀಬೇಕು. ಮಕ್ಕಳೇ ಎದ್ದು ನಿಂತು ಪ್ರಶ್ನೆ ಕೇಳೋ ಸಭೆ ಅದು. ನಿಮ್ಮೂರಲ್ಲಿ ಹೋದ ಸಲ ನಡೀತಾ, ಹುಡುಗಿಯರು ಏನು ಕೇಳಿದರು, ಉತ್ತರ ಸಿಕ್ತಾ ಅಂತ ವಿಚಾರಿಸಿ.

ಮೊನ್ನೆ ಅಪ್ಪನಿಗೆ ವಾಪಸ್ ಫೋನ್ ಮಾಡಿದೆ. "ರಸೀದಿ ಸಿಕ್ತಪ್ಪ. ಆ ಲೈಬ್ರರಿ ದುಡ್ಡು ಲೈಬ್ರರಿಗೇ ಹೋಯ್ತಾ ಅಂತ ಪಂಚಾಯ್ತೀಲಿ ಒಂದ್ ಮಾತು ಕೇಳ್ತೀರಾ?" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಐವತ್ನಾಕು ರೂಪಾಯ್ಗೆ ಹೋಗಿ ಕೇಳಕಾಯ್ತದೇನವ್ವ?" ಅಂದರು.

ಮಾರನೇ ದಿನ ಬೆಳಗ್ಗೆ ಅವರೇ ಫೋನ್ ಮಾಡಿದರು. ಕೇಳಿದ್ದರಂತೆ. ಪಿಡಿಒ ಲೆಕ್ಕ ತೋರಿಸ್ತೀನಿ, ಸೋಮವಾರ ಬನ್ನಿ ಅಂದರಂತೆ. ಅಪ್ಪನ ಜೊತೆ ಇನ್ನೂ ಮೂವರು ಹೋಗ್ತಾರಂತೆ. ಅದರಲ್ಲಿ ಒಬ್ಬರು, ಅವತ್ತು ಬೈಕ್ ಕಳೆದುಕೊಂಡವರು. ಅವರ ಮಗಳು ಈ ವರ್ಷ ಏಳನೇ ಕ್ಲಾಸು, ಲೈಬ್ರರಿಗೆ ಹೆಸರು ಬರೆಸಿದ್ದಾಳೆ.

ನಿಮ್ಮ ಮನೆಯ ಕಂದಾಯದ ರಸೀದಿಯನ್ನೂ ಒಂದು ಸಲ ತೆಗೆದು ನೋಡಿ. ಗ್ರಂಥಾಲಯ ಕರದ ಎದುರು ಎಷ್ಟಿದೆ, ಆ ದುಡ್ಡಿನ ಕೋಣೆ ಸಂಜೆ ಆರಕ್ಕೆ ತೆಗೆದಿರುತ್ತಾ, ಒಳಗೆ ಯಾರಿರ್ತಾರೆ. ಉತ್ತರ ಸಿಕ್ಕಿದರೆ ನನಗೂ ಬರೆದು ಕಳಿಸಿ.